ಮ್ಯಾಂಡೆಲ್‌ಬಾಕ್ಸ್‌ನೊಳಗೊಂದು ಅನ್ಯಗ್ರಹದ ನಗರ: ಸ್ಟೀರಿಯೊ ಚಿತ್ರ ಮಾಡುವ ಬಗೆ

ಗಣಿತದ ಸೂತ್ರದಿಂದ ಹುಟ್ಟುವ ಆಕೃತಿಯಾದ ಫ್ರ್ಯಾಕ್ಟಲ್‌ಗೆ ಗಾತ್ರವೆಂಬುದೇ ಇಲ್ಲ. ಎಷ್ಟು ಹತ್ತಿರ ಹೋದರೂ ಅಂಥದೇ ಆಕಾರಗಳು ಎದುರಾಗುವುದರಿಂದ, ಕಾಣುತ್ತಿರುವುದು ಉಂಗುರದ ಕೆತ್ತನೆಯೋ ಮೂರು ಕಿಲೋಮೀಟರ್ ಎತ್ತರದ ಗೋಪುರವೋ ಎಂದು ಒಂಟಿ ಚಿತ್ರ ನೋಡಿ ಹೇಳಲಾಗದು. ಸ್ಟೀರಿಯೊ ಜೋಡಿ, ಅಂದರೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರ, ಮಾಡಿದೊಡನೆ ಈ ಅನುಮಾನ ಹೋಗುತ್ತದೆ. ಎಡ ಮತ್ತು ಬಲ ಕ್ಯಾಮೆರಾಗಳ ನಡುವೆ ನೀವು ಕೊಡುವ ಅಂತರವೇ ಗಾತ್ರವನ್ನು ತೀರ್ಮಾನಿಸಿಬಿಡುತ್ತದೆ. ನಮ್ಮ ಕಣ್ಣುಗಳ ನಡುವೆ ಸುಮಾರು 63 ಮಿ.ಮೀ. ಇದೆ, ಮಿದುಳು ಆ ಅಳತೆಗೋಲು ಹಿಡಿದೇ ಲೋಕವನ್ನು ಅಳೆಯುತ್ತದೆ. ಅಂತರ ಅತಿಯಾದರೆ ನಿಮ್ಮ ನಗರ ದಸರಾ ಗೊಂಬೆಗಳ ಪಕ್ಕ ಜೋಡಿಸಿಟ್ಟ ರಟ್ಟಿನ ಊರಾಗುತ್ತದೆ.

ಸೂತ್ರದ ಆಯ್ಕೆ ಮೊದಲು. 2009ರಲ್ಲಿ ಡೇನಿಯಲ್ ವೈಟ್ ಮತ್ತು ಪಾಲ್ ನೈಲ್ಯಾಂಡರ್ ರೂಪಿಸಿದ ಮ್ಯಾಂಡೆಲ್‌ಬಲ್ಬ್ ಹೂಕೋಸಿನ ಹಾಗೆ ಉಬ್ಬುಬ್ಬಾಗಿರುತ್ತದೆ. ವಿಚಿತ್ರ ಜೀವಿಗಳಿಗೆ, ಹವಳದಂಥ ಗ್ರಹಗಳಿಗೆ ಸರಿ, ಕಟ್ಟಡಕ್ಕೆ ಒಗ್ಗದು. ನಗರ, ಎಂಜಿನ್ ಕೋಣೆ, ನೌಕೆಯ ಒಡಲು ಬೇಕಿದ್ದರೆ 2010ರಲ್ಲಿ ಟಾಮ್ ಲೋ ಕಂಡುಕೊಂಡ ಮ್ಯಾಂಡೆಲ್‌ಬಾಕ್ಸ್ ಹಿಡಿಯಿರಿ. ಅದರ ಲೆಕ್ಕ ಸೀರೆ ಮಡಿಸಿದಂತೆ: ಬಿಂದುವಿನ ಯಾವ ಅಕ್ಷದ ಬೆಲೆ 1ನ್ನು ಮೀರಿದರೂ 2ರಿಂದ ಕಳೆದು ಒಳಕ್ಕೆ ಮಡಿಸು, −1ಕ್ಕಿಂತ ಕೆಳಗಿಳಿದರೆ −2ರಿಂದ ಕಳೆ, ಬಳಿಕ ಗೋಳದ ಮಡಿಕೆ (ಕೇಂದ್ರಕ್ಕೆ ತೀರ ಹತ್ತಿರದ ಬಿಂದುವನ್ನು ಹೊರಕ್ಕೆ ತಳ್ಳುವುದು), ಕೊನೆಗೆ ಸ್ಕೇಲ್ ಎಂಬ, ನಾವೇ ಆರಿಸುವ ಸಂಖ್ಯೆಯಿಂದ ಗುಣಿಸಿ ಮೂಲ ಬಿಂದುವನ್ನು ಕೂಡಿಸು, ಇದನ್ನೇ ಮತ್ತೆ ಮತ್ತೆ ಮಾಡು. ಸ್ಕೇಲ್ 2 ಇಟ್ಟರೆ ಆಕೃತಿ ಪ್ರತಿ ಅಕ್ಷದಲ್ಲೂ −6ರಿಂದ 6ರವರೆಗೆ ಹರಡುತ್ತದೆ. −1.5 ಇಟ್ಟರೆ −2ರಿಂದ 2ರೊಳಗೆ ಮುದುಡಿಕೊಳ್ಳುತ್ತದೆ. ಯಂತ್ರದಂಥ ನೋಟಕ್ಕೆ ನಮ್ಮ ಓಟು −1.5ಕ್ಕೆ. ಇವನ್ನು ಬಿಡಿಸಲು ಮ್ಯಾಂಡೆಲ್‌ಬಲ್ಬರ್ ಎಂಬ ಉಚಿತ ತಂತ್ರಾಂಶವಿದೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಮ್ಯಾಂಡೆಲ್‌ಬಲ್ಬ್ 3ಡಿ ಎಂಬ ಇನ್ನೊಂದು ತಂತ್ರಾಂಶ ವಿಂಡೋಸ್‌ನದು. ಎರಡರಲ್ಲೂ ಸ್ಟೀರಿಯೊ ಸೌಲಭ್ಯವಿದೆ.

ಕ್ಯಾಮೆರಾವನ್ನು ಆಕೃತಿಯ ಹೊರಗೆ ನಿಲ್ಲಿಸಬೇಡಿ, ಒಳಗಿನ ಪೊಳ್ಳಿನಲ್ಲಿ ನಿಲ್ಲಿಸಿ. ಎದುರಿಗೆ ಒಂದು ಕಂಬ, ಅದರಾಚೆ ಓಣಿ, ಅದರಾಚೆ ಮಂಜು. ಈಗ ಅಂತರದ ಲೆಕ್ಕ. ಚೌಕಾಕಾರದ 2000 × 2000 ಪಿಕ್ಸೆಲ್ ಚೌಕಟ್ಟು, ನೋಟದ ಕೋನ 53 ಡಿಗ್ರಿ ಎಂದುಕೊಳ್ಳಿ. ಈ ಕೋನದಲ್ಲಿ ಲೆಕ್ಕ ಬಲು ಸರಳ: ಅಂತರವನ್ನು ವಸ್ತುವಿನ ದೂರದಿಂದ ಭಾಗಿಸಿ 2000ದಿಂದ ಗುಣಿಸಿದರೆ ಎಡ ಬಲ ಚಿತ್ರಗಳ ನಡುವೆ ಆ ವಸ್ತು ಎಷ್ಟು ಪಿಕ್ಸೆಲ್ ಸರಿಯುತ್ತದೆಂದು ಸಿಗುತ್ತದೆ. ಅತಿ ಹತ್ತಿರದ ಮೇಲ್ಮೈ ಆಕೃತಿಯದೇ ಅಳತೆಯಲ್ಲಿ 0.6 ದೂರದಲ್ಲಿದೆ, ಅಂತರ 0.02 ಕೊಟ್ಟಿರಿ ಎಂದರೆ ಸುಮಾರು 67 ಪಿಕ್ಸೆಲ್, ಅಂದರೆ ಅಗಲದ 1/30. ಆರಾಮವಾಗಿ ನೋಡಲು ಇದೇ ಗಡಿ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದ ಸ್ಟೀರಿಯೊ ಕ್ಯಾಮೆರಾದಲ್ಲಿ ತಾನಾಗಿ ಬರುವ 0.065 ಮೀಟರ್ ಅಂತರ ಮತ್ತು 1.95 ಮೀಟರ್ ಪರದೆ ದೂರವನ್ನು ಭಾಗಿಸಿ ನೋಡಿ, ಅಲ್ಲೂ ಅದೇ ಮೂವತ್ತು. ಆದರೆ ನಗರ ದೈತ್ಯವಾಗಿ ಕಾಣಬೇಕೆಂದರೆ ಇದರ ಅರ್ಧಕ್ಕೆ, 0.01ಕ್ಕೆ, ಇಳಿಯಿರಿ. ಆಳ ಕಡಿಮೆಯಾಯಿತಲ್ಲ ಎಂಬ ಕೊರಗನ್ನು ಮಂಜು ತುಂಬಿಕೊಡುತ್ತದೆ. ಹತ್ತಿರದ ದೂರ ಅಳೆಯುವಾಗ ಚಿತ್ರದ ನಡುಭಾಗವನ್ನಷ್ಟೇ ನೋಡಿ ಮೋಸಹೋಗಬೇಡಿ. ಸಾಮಾನ್ಯವಾಗಿ ಕೆಳಅಂಚಿನ ನೆಲವೇ ಎಲ್ಲಕ್ಕಿಂತ ಹತ್ತಿರ.

ತಂತ್ರಾಂಶದ ಸ್ಟೀರಿಯೊ ಬಿಟ್ಟು ಕೈಯಾರೆ ಎರಡು ಸಲ ರೆಂಡರ್ ಮಾಡುವವರು, ಅಂದರೆ ಲೆಕ್ಕದಿಂದ ಚಿತ್ರ ಮೂಡಿಸುವವರು, ಒಂದು ನೆನಪಿಡಿ: ಕ್ಯಾಮೆರಾವನ್ನು ಪಕ್ಕಕ್ಕೆ ಎಷ್ಟು ಸರಿಸಿದಿರೋ, ಅದು ನೋಡುವ ಗುರಿಬಿಂದುವನ್ನೂ ಅಷ್ಟೇ ಸರಿಸಿ. ಗುರಿ ಅಲ್ಲೇ ಉಳಿದರೆ ಕ್ಯಾಮೆರಾಗಳು ಒಳಮುಖವಾಗಿ ತಿರುಗುತ್ತವೆ, ಮೂಲೆಗಳಲ್ಲಿ ಒಂದು ಚಿತ್ರ ಮೇಲೆ ಇನ್ನೊಂದು ಕೆಳಗೆ ಸರಿದು ತಲೆನೋವು ತರುತ್ತದೆ.

ಬೆಳಕಿನ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಲೋಹದ ಮೇಲಿನ ಚೂಪಾದ ಹೊಳಪು ನೋಡುವ ಜಾಗಕ್ಕೆ ತಕ್ಕಂತೆ ಬದಲಾಗುವುದರಿಂದ, ಎಡಗಣ್ಣಿಗೆ ಕಂಡ ಮಿಂಚು ಬಲಗಣ್ಣಿಗೆ ಕಾಣುವುದಿಲ್ಲ, ಆ ಜಾಗ ಮಿಣಿಮಿಣಿ ಅನ್ನುತ್ತದೆ. ಹೊಳಪನ್ನು ಅಗಲ ಮಾಡಿ, ಮಂಕು ಮಾಡಿ. ದೂರದ ಮೇಲ್ಮೈಯ ಮರಳುಮರಳಾದ ವಿವರವೂ ಹೀಗೆಯೇ. ಪಿಕ್ಸೆಲ್‌ಗಿಂತ ಸಣ್ಣ ವಿವರಗಳು ಎರಡು ಚಿತ್ರಗಳಲ್ಲಿ ಬೇರೆ ಬೇರೆಯಾಗಿ ಬೀಳುವುದರಿಂದ ಕಣ್ಣಿಗೆ ಜೋಡಿ ಸಿಗುವುದಿಲ್ಲ. ಎರಡು ಪಟ್ಟು ದೊಡ್ಡದಾಗಿ ರೆಂಡರ್ ಮಾಡಿ ಅರ್ಧಕ್ಕೆ ಕುಗ್ಗಿಸಿದರೆ ಬಹುಮಟ್ಟಿಗೆ ಅಡಗುತ್ತದೆ. ಕ್ಯಾಮೆರಾ ಲೆನ್ಸಿನಂಥ ಹಿನ್ನೆಲೆ ಮಸುಕು ಬೇಡವೇ ಬೇಡ, ಅದೂ ನಗರವನ್ನು ಆಟಿಕೆ ಮಾಡುತ್ತದೆ.

ಈಗ ಕಿಟಕಿ ಹೊಂದಿಸುವುದು. ಚಿತ್ರದ ಚೌಕಟ್ಟೇ ಕಿಟಕಿ, ನಗರವೆಲ್ಲ ಅದರಾಚೆ ಇರಬೇಕು. ಪಕ್ಕದಂಚಿನಲ್ಲಿ ಕತ್ತರಿಸಿಹೋದ ಕಂಬ ಕಿಟಕಿಯಿಂದ ಈಚೆ ಬಂದರೆ ಕಣ್ಣು ಒಪ್ಪುವುದಿಲ್ಲ. 0.02ರ ಜೋಡಿಯಲ್ಲಿ ಎಡಚಿತ್ರದ ಎಡಬದಿಯಿಂದ 67 ಪಿಕ್ಸೆಲ್, ಬಲಚಿತ್ರದ ಬಲಬದಿಯಿಂದ 67 ಪಿಕ್ಸೆಲ್ ಕತ್ತರಿಸಿ. ಅತಿ ಹತ್ತಿರದ ಮೇಲ್ಮೈ ಎರಡರಲ್ಲೂ ಒಂದೇ ಜಾಗಕ್ಕೆ ಬಂದು ಕಿಟಕಿಗೆ ತಾಗಿ ನಿಲ್ಲುತ್ತದೆ. ಜೋಡಿ ಚಿತ್ರ ಹೊಂದಿಸುವ ತಂತ್ರಾಂಶವಾದ ಸ್ಟೀರಿಯೊಫೋಟೊ ಮೇಕರ್‌ನಲ್ಲಿ ಇದನ್ನು ಕಣ್ಣಿಂದ ನೋಡುತ್ತಲೇ ಸರಿಸಬಹುದು, ಆದರೆ ಅದರ ತಾನಾಗಿ ಹೊಂದಿಸುವ ಸೌಲಭ್ಯವನ್ನು ಮುಟ್ಟಬೇಡಿ. ಅದು ಕೈಯಲ್ಲಿ ತೆಗೆದ ಫೋಟೊಗಳ ಓರೆಕೋರೆಗೆ, ಲೆಕ್ಕದಿಂದ ಹುಟ್ಟಿದ ಜೋಡಿಗೆ ಅದರ ಅಗತ್ಯವಿಲ್ಲ.

ನಕ್ಷತ್ರಗಳನ್ನು ಅಂಟಿಸುವಲ್ಲಿ ಬಹಳ ಜನ ಎಡವುತ್ತಾರೆ. ಕತ್ತರಿಸಿದ ಮೇಲೆ ಒಂದೇ ಆಕಾಶವನ್ನು ಎರಡಕ್ಕೂ ಒಂದೇ ಜಾಗದಲ್ಲಿ ಹಾಕಿದರೆ, ನಕ್ಷತ್ರಗಳು ಗೋಪುರಗಳ ಮುಂದೆ ಕಿಟಕಿಯ ಗಾಜಿಗೆ ಮೆತ್ತಿದ ಮೈದಾ ಹಿಟ್ಟಿನಂತೆ ಕಾಣುತ್ತವೆ. ಕತ್ತರಿಸುವ ಮೊದಲೇ ಹಾಕಿ, ಆಗ ತಾವಾಗಿ ದಿಗಂತಕ್ಕೆ ಹೋಗುತ್ತವೆ. ನಗರದಲ್ಲಿ ಹಾರುವ ನೌಕೆಯೊಂದನ್ನು ಅಂಟಿಸುವುದಾದರೆ ಅದಕ್ಕೂ ಲೆಕ್ಕವಿದೆ: 1.5 ದೂರದಲ್ಲಿ ಹಾರಬೇಕಾದರೆ 0.02 ÷ 1.5 × 2000, ಸುಮಾರು 27 ಪಿಕ್ಸೆಲ್. ಕತ್ತರಿಸುವ ಮೊದಲಿನ ಎಡಚಿತ್ರದಲ್ಲಿ ಅದನ್ನು ಬಲಚಿತ್ರಕ್ಕಿಂತ 27 ಪಿಕ್ಸೆಲ್ ಬಲಕ್ಕಿಡಿ. ಒಂದೇ ಚಪ್ಪಟೆ ಚಿತ್ರವನ್ನು ಎರಡು ಕಡೆ ಅಂಟಿಸಿದರೆ ನೌಕೆ ಕತ್ತರಿಸಿದ ರಟ್ಟಿನಂತಿರುತ್ತದೆ. ಚೆನ್ನಾಗಿ ಬರಬೇಕೆಂದರೆ ಬ್ಲೆಂಡರ್‌ನಲ್ಲಿ ಅದೇ ಕೋನ, ಅದೇ ಅಂತರ ಕೊಟ್ಟು, ಸಮಾಂತರ ಕ್ಯಾಮೆರಾದಿಂದ ರೆಂಡರ್ ಮಾಡಿ ತನ್ನಿ. ನೌಕೆ ಕಂಬದ ಮರೆಗೆ ಹೋಗುವ ಜಾಗವನ್ನು ಎರಡು ಚಿತ್ರಗಳಲ್ಲೂ ಬೇರೆ ಬೇರೆಯಾಗಿ ಅಳಿಸಬೇಕು.

ಎಡ ಬಲ ಅದಲುಬದಲಾಗಿದೆಯೇ ಎಂದು ಪರೀಕ್ಷಿಸುವುದು ಸುಲಭ. ಎಡಚಿತ್ರದಲ್ಲಿ ಹತ್ತಿರದ ಕಂಬ, ದೂರದ ಗೋಪುರಕ್ಕೆ ಹೋಲಿಸಿದರೆ, ಬಲಚಿತ್ರದಲ್ಲಿರುವುದಕ್ಕಿಂತ ಬಲಕ್ಕಿರಬೇಕು. ಮೆಳ್ಳೆಗಣ್ಣು ಮಾಡಿ ನೋಡುವವರಿಗೆ ಬಲಚಿತ್ರವನ್ನು ಎಡಗಡೆ ಇಡಿ. ಕಣ್ಣು ಸಮಾಂತರವಿಟ್ಟು ನೋಡುವುದಾದರೆ ಎಡದ್ದು ಎಡಕ್ಕೇ, ಆದರೆ ಒಂದೊಂದು ಚಿತ್ರದ ಅಗಲ 60 ಮಿ.ಮೀ. ದಾಟದಿರಲಿ. ದಾಟಿದರೆ ಕಣ್ಣುಗಳು ಹೊರಕ್ಕೆ ತಿರುಗಬೇಕಾಗುತ್ತದೆ, ಅದು ಆಗದ ಮಾತು.

ಕೆಂಪು-ಸಯಾನ್ ಕನ್ನಡಕಕ್ಕಾಗಿ ಮಾಡುವಾಗ ಕೆಂಪು ಎಡಗಣ್ಣಿಗೆ. ಅಪ್ಪಟ ಕೆಂಪು ದೀಪಗಳು ಒಂದೇ ಕಣ್ಣಿಗೆ ಉರಿದು ಇನ್ನೊಂದಕ್ಕೆ ಕರಿಯಾಗುವುದರಿಂದ, ನಗರದ ಕಿಟಕಿಗಳಿಗೆ ಮಾಸಲು ಅರಿಸಿನದ ಬಣ್ಣ ಕೊಡಿ, ಮಂಜಿಗೆ ಬೂದು. ಕಡತವನ್ನು ಪಿಎನ್‌ಜಿಯಲ್ಲೇ ಉಳಿಸಿ. ಮಾಮೂಲಿ ಜೆಪೆಗ್ ಬಣ್ಣದ ವಿವರವನ್ನು ಅರ್ಧಕ್ಕಿಳಿಸುವುದರಿಂದ ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕೆ ಸೋರಿ, ಪ್ರತಿ ಗೋಪುರದ ಪಕ್ಕದಲ್ಲೂ ಅದರ ದೆವ್ವ ನಿಂತಿರುತ್ತದೆ.