ಆಟೋಮ್ಯಾಟಿಕ್ ಕಾರಿಗೆ ಆಯಿಲ್ ಕೂಲರ್ ಹಾಕುವವರಿಗೆ

ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳುವ, ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಎಂಜಿನ್ ಶಕ್ತಿ ದಾಟಿಸುವ ಭಾಗ) ಇರುವ ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ಜಾಸ್ತಿ ಬಿಸಿಯಾಗುತ್ತದೆ. ಹೊರಗಿನ ಕೂಲರ್ ಮನೆಯಲ್ಲೇ ಹಾಕಬಹುದು. ಆದರೆ ಹೋಸ್ ವಿಷಯದಲ್ಲಿ ದಯವಿಟ್ಟು ದುಡ್ಡು ಉಳಿಸಬೇಡಿ. ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಕೊಳ್ಳುವಾಗ ಟ್ರಾನ್ಸ್‌ಮಿಷನ್ ಆಯಿಲ್‌ಗೇ ಆಗುವ ಹೋಸ್ ಬೇಕೆಂದು ಒತ್ತಿ ಹೇಳಿ. ರೇಡಿಯೇಟರ್ ನೀರಿನ ಹೋಸ್ ಈ ಆಯಿಲ್‌ಗೆ ಉಬ್ಬಿ ಮೆತ್ತಗಾಗುತ್ತದೆ. ಅದು ಕಳಚಿದರೆ ಗೇರ್‌ಬಾಕ್ಸೇ ಹೋಗಬಹುದು, ಬೆಂಕಿಯ ಭಯವೂ ಇದೆ.

ರೇಡಿಯೇಟರ್‌ನಿಂದ ಗೇರ್‌ಬಾಕ್ಸಿಗೆ ವಾಪಸ್ ಹೋಗುವ ಆಯಿಲ್ ಲೈನಿಗೆ ಕೂಲರ್ ಸೇರಿಸಿ. ಅದು ಯಾವುದೆಂದು ಸರ್ವಿಸ್ ಮ್ಯಾನ್ಯುಯಲ್ ನೋಡಿ, ಸುಮ್ನೆ ಊಹಿಸಬೇಡಿ. ಎಸಿ ಕಂಡೆನ್ಸರ್ ಮುಂದೆ ಬ್ರಾಕೆಟ್ ಹಾಕಿ ಕೂರಿಸಿ. ಫಿನ್ (ತೆಳು ಲೋಹದ ಪಟ್ಟಿ) ನಡುವೆ ಪ್ಲಾಸ್ಟಿಕ್ ಟೈ ತೂರಿಸಿದರೆ ಅಲುಗಾಡಿ ಸವೆಯುತ್ತದೆ. ಗಾಡಿ ಎತ್ತಿದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ಕೊನೆಗೆ ಎಂಜಿನ್ ಓಡಿಸಿ ಲೀಕ್ ಇದೆಯಾ ನೋಡಿ, ಕಂಪನಿ ಹೇಳಿದ ಬಿಸಿಯಲ್ಲಿ ಆಯಿಲ್ ಲೆವೆಲ್ ನೋಡಿ, ಕಂಪನಿ ಹೇಳಿದ ಗ್ರೇಡ್ ಆಯಿಲನ್ನೇ ತುಂಬಿಸಿ.