ಅಆಇಈ ಆಮೇಲೆ, ಮೊದಲು ಗದಗ ಓದಿಸಿ

ಎಲ್‌ಕೆಜಿ ಮಕ್ಕಳು ಅ ದಿಂದ ಳ ತನಕ ಒಂದೇ ಉಸಿರಿಗೆ ಹೇಳುತ್ತಾರೆ. ಮನೆಯವರಿಗೆಲ್ಲ ಖುಷಿ. ನಡುವಿನ ಯಾವುದೋ ಒಂದು ಅಕ್ಷರದ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿ ನೋಡಿ, ಮತ್ತೆ ಅ ದಿಂದಲೇ ಶುರು! ಹಾಗಾಗಿ ಗೋಡೆಯ ಚಾರ್ಟನ್ನು ಸ್ವಲ್ಪ ದಿನ ಸುತ್ತಿಡಿ.

ಮೊದಲು ಕಿವಿಗೆ ಕೆಲಸ. ಊಟಕ್ಕೆ ಕೂತಾಗ ಚಪ್ಪಾಳೆ ಆಟ ಆಡಿ. ರೊ-ಟ್ಟಿಗೆ ಎರಡು, ಬ-ದ-ನೆ-ಕಾ-ಯಿಗೆ ಐದು.

ಆಮೇಲೆ ಅಕ್ಷರ. ಸರ್ಕಾರಿ ಶಾಲೆಯಲ್ಲಿ ಆಟವಾಡಿಸುತ್ತ ಕಲಿಸುವ ನಲಿ-ಕಲಿಯಲ್ಲಿ ಮೊದಲು ಬರುವ ರ, ಗ, ಸ, ದ, ಅ ಇಷ್ಟೇ ಸಾಕು. ಈ ಐದರಲ್ಲೇ ಸರ, ರಸ, ಅರಸ, ಗರಗಸ ಎಲ್ಲ ಆಗುತ್ತವೆ. ನಮ್ಮ ಧಾರವಾಡ-ಗದಗ ಕಡೆಯವರಿಗೆ ಇನ್ನೂ ಅನುಕೂಲ: ಗದಗವೂ ಬಂತು, ರಾಷ್ಟ್ರಧ್ವಜಕ್ಕೆ ಖಾದಿ ನೇಯುವ ಧಾರವಾಡ ಹತ್ತಿರದ ಊರು ಗರಗವೂ ಬಂತು. ಹಳೇ ರಟ್ಟಿನ ಡಬ್ಬಿ ಕತ್ತರಿಸಿ ಕಾರ್ಡ್ ಮಾಡಿಕೊಳ್ಳಿ. ಅಂಗಡಿಯ ಪ್ಲಾಸ್ಟಿಕ್ ಅಕ್ಷರದ ಸೆಟ್ ತರಲೇಬೇಡಿ. ಅದರಲ್ಲಿ ಒಂದೊಂದೇ ಅಕ್ಷರ ಇರುತ್ತದೆ, ಗದಗಕ್ಕೆ ಎರಡು ಗ ಬೇಕಲ್ವಾ?

ಎಲ್ಲರೂ ಎಡವುವುದು ಅಕ್ಷರ ಕೂಡಿಸುವಾಗ. ಅಕ್ಕೋರು, ಅಂದರೆ ಟೀಚರು, "ಸಾ... ರಾ..." ಅಂತ ರಾಗ ಎಳೆದು ಹೇಳಿಸುತ್ತಾರೆ, ಮಗು ಕೇಳಿದ್ದನ್ನೇ ಕೂಡಿಸಿ "ಸಾರಾ" ಅನ್ನುತ್ತದೆ, ಆಮೇಲೆ ಅದಕ್ಕೇ ಬೈಗುಳ. ತಪ್ಪು ಮಗುವಿನದಲ್ಲ, ರಾಗದ್ದು. ಕನ್ನಡದಲ್ಲಿ ಎಳೆದರೆ ಅಕ್ಷರವೇ ಬದಲಾಗುತ್ತದೆ. ಅದಕ್ಕೇ ಗಿಡ್ಡಕ್ಕೆ, ಚಪ್ಪಾಳೆಯಷ್ಟೇ ಹೊತ್ತು ಹೇಳಿಸಿ: ಸ. ರ. ಎರಡು ಕಾರ್ಡುಗಳನ್ನು ನೆಲದ ಮೇಲೆ ಒಂದು ಮೊಳ ದೂರ ಇಡಿ. ಮಗು ಒಂದನ್ನು ಮುಟ್ಟಿ ಹೇಳಲಿ, ಇನ್ನೊಂದನ್ನು ಮುಟ್ಟಿ ಹೇಳಲಿ. ಕಾರ್ಡುಗಳನ್ನು ಸ್ವಲ್ಪ ಹತ್ತಿರ ತಳ್ಳಿ, ಮತ್ತೆ ಹೇಳಲಿ. ಎರಡೂ ಅಂಟಿಕೊಂಡಾಗ ಬಾಯಲ್ಲಿ "ಸರ" ತಾನಾಗೇ ಬರುತ್ತದೆ. ನೀವು ಮುಂಚೆಯೇ ಹೇಳಿಕೊಡಬೇಡಿ, ಸುಮ್ನೆ ಕೂತಿರಿ, ಇದೇ ಕಷ್ಟದ ಕೆಲಸ. ಬಂದ ಮೇಲೆ ಕೊರಳಿನ ಸರ ತೋರಿಸಿ. ನಂತರ ಕಾರ್ಡು ತಿರುವುಮುರುವು ಮಾಡಿ, "ರಸ" ಆಗುತ್ತದೆ. ಮಕ್ಕಳಿಗೆ ಇದು ಜಾದೂ ಇದ್ದ ಹಾಗೆ. ಎರಡಕ್ಷರ ಪಕ್ಕಾ ಆಗುವ ತನಕ ಮೂರಕ್ಕೆ ಹೋಗಬೇಡಿ.

ಬರೆಯುವುದಕ್ಕೆ ಅವಸರ ಬೇಡ. ತಾಟಿನಲ್ಲಿ ಜೋಳದ ಹಿಟ್ಟು ಹರವಿ, ಬೆರಳಲ್ಲಿ ತಿದ್ದಲಿ. ಚುಕ್ಕಿ ಸೇರಿಸುವ ಕಾಪಿ ಪುಸ್ತಕ ನನಗಂತೂ ಸೇರುವುದಿಲ್ಲ. ಮಗು ಚುಕ್ಕಿ ನೋಡುತ್ತದೆಯೇ ಹೊರತು ಅಕ್ಷರ ನೋಡುವುದಿಲ್ಲ.

ಇಷ್ಟಾದ ಮೇಲೆ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಗದಗದ ಬಸ್ ಹುಡುಕಲು ಹೇಳಿ. ಹುಬ್ಬಳ್ಳಿ ಬೋರ್ಡು ಸದ್ಯಕ್ಕೆ ಬೇಡ. ಅದರಲ್ಲಿ ಎರಡು ಒತ್ತು, ಒಂದು ಕೊಂಬು, ಮೇಲೊಂದು ಗುಡಿಸು. ಅದು ಒಂದನೇ ತರಗತಿಯ ಅಕ್ಕೋರ ಪಾಲಿಗಿರಲಿ.