ಮೊಮ್ಮಕ್ಕಳ ಕೈಗೆ ಕವಡೆ ಕೊಟ್ಟು ನೋಡಿ
ರಜೆಗೆ ಬಂದ ಮೊಮ್ಮಕ್ಕಳು ಮೊಬೈಲ್ ಬಿಡುವುದಿಲ್ಲ ಅಂತ ಗೊಣಗುವ ನನ್ನಂಥ ಅಜ್ಜಂದಿರಿಗೆ ಒಂದು ಸಲಹೆ. ಬೈಯಬೇಡಿ, ಕಿತ್ತುಕೊಳ್ಳಬೇಡಿ. ಸುಮ್ನೆ ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆಯ ಚೌಕಾಬಾರ ಬರೆದು, ಅಜ್ಜಿಯ ಜೊತೆ ನೀವೇ ಆಡಲು ಶುರು ಮಾಡಿ. 4 ಕವಡೆ ಸಾಕು, ಇಲ್ಲದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಬೆಳ್ಳಗಾಗುವ ತನಕ ಕಲ್ಲಿಗೆ ತೇಯ್ದುಕೊಳ್ಳಿ. ನಾಲ್ಕೂ ಅಂಗಾತ ಬಿದ್ದರೆ 4, ನಾಲ್ಕೂ ಬೋರಲು ಬಿದ್ದರೆ 8, ಎರಡಕ್ಕೂ ಇನ್ನೊಂದು ಸಲ ಹಾಕಬಹುದು, ಇಷ್ಟು ಹೇಳಿಕೊಟ್ಟರೆ ಚಿಕ್ಕವರೂ ಆಡುತ್ತಾರೆ. ಉಳಿದ ನಿಯಮ ಊರಿಗೊಂದು ಥರ ಅಲ್ವಾ, ಮೊದಲೇ ಮಾತಾಡಿಕೊಳ್ಳಿ, ಇಲ್ಲಾಂದ್ರೆ ಜಗಳ ಜಾಸ್ತಿ. ಬೇಕಂತಲೇ ಸೋಲಬೇಡಿ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಕಾಯಿ ಕಳೆದುಕೊಂಡು ಅತ್ತವರಿಗೆ ಮುಂದಿನ ಆಟದಲ್ಲಿ ಮೊದಲ ಸರದಿ ಕೊಡಿ. ಮಂಡಿ ನೋವಿದ್ದರೆ ರಟ್ಟಿನ ಮೇಲೆ ಬರೆದು ಮೇಜಿನ ಮೇಲಿಟ್ಟುಕೊಳ್ಳಿ.